ಚನ್ನಪಟ್ಟಣದ ಒಂದು ಲೇತ್, ನಾಲ್ಕು ಸಾಮಾನು: ಒಂಬತ್ತು ತಿಂಗಳು ಬಳಸಿದ ಮೇಲೆ

ಮೊದಲು ನನ್ನ ಕೆಟ್ಟ ಅಭ್ಯಾಸ ಹೇಳಿಬಿಡುತ್ತೇನೆ. ಇಲ್ಲದಿದ್ದರೆ 43 ವರ್ಷದ ಹೆಂಗಸು ಆಫೀಸ್ ಟೇಬಲ್ ಮೇಲೆ ಬುಗುರಿ ಯಾಕೆ ಇಟ್ಟುಕೊಂಡಿದ್ದಾಳೆ ಅಂತ ನೀವು ಕೇಳುತ್ತೀರಿ.

ನನ್ನ ಕೈ ಸುಮ್ನಿರುವುದಿಲ್ಲ. ಒಂದು ಕೈಯಲ್ಲಿ ಫೋನ್ ಇದ್ದರೆ ಇನ್ನೊಂದು ಕೈಗೂ ಏನಾದರೂ ಬೇಕು. ಹತ್ತು ವರ್ಷ ಪೆನ್ನಿನ ತಲೆ ಟಕ್ ಟಕ್ ಅಂತ ಒತ್ತಿದೆ. ಒಂದು ದಿನ ಪಕ್ಕದ ಟೇಬಲ್ಲಿನವರು ಎದ್ದು ಬಂದರು. ಏನೂ ಮಾತಾಡದೆ ನನ್ನ ಪೆನ್ನು ತೆಗೆದುಕೊಂಡು, ಕ್ಯಾಪ್ ಇರುವ ಪೆನ್ನೊಂದನ್ನು ಇಟ್ಟು ಹೋದರು. ಆಮೇಲೆ ಕ್ಯಾಪ್ ಕಚ್ಚಲು ಶುರು ಮಾಡಿದೆ. ಅದಾದ ಮೇಲೆ ರಬ್ಬರ್ ಬ್ಯಾಂಡು. ಮಾರ್ಚ್ ತಿಂಗಳ ಲೆಕ್ಕ ಮುಗಿಸುವ ಹೊತ್ತಿಗೆ ತೋರುಬೆರಳು ನೀಲಿಯಾಗಿತ್ತು.

"ಅಮ್ಮ, ಬುಗುರಿ ಇಟ್ಕೊ. ಸದ್ದಾಗಲ್ಲ" ಅಂದವನು ಎಂಟನೇ ಕ್ಲಾಸಿನ ನನ್ನ ಮಗ. ಚಾಟಿ ಸುತ್ತಿ ಎಸೆಯುವ ಬುಗುರಿ ಅಲ್ಲ. ಅದನ್ನು ಆಫೀಸಿನಲ್ಲಿ ಎಸೆದರೆ ಯಾರದ್ದೋ ಲ್ಯಾಪ್‌ಟಾಪಿಗೆ ಗುನ್ನ ಬೀಳುತ್ತದೆ. ಎರಡು ಬೆರಳಲ್ಲಿ ತಿರುವಿ ಬಿಡುವ ಕೈಬುಗುರಿ. ಮೊದಲು ಹೆದ್ದಾರಿ ಪಕ್ಕದ ಒಂದು ಅಂಗಡಿಯಲ್ಲಿ ಕೊಂಡಿದ್ದೆ. ನನ್ನ ಟೇಬಲ್ಲಿನ ಗಾಜಿನ ಮೇಲೆ 19 ಸೆಕೆಂಡು ತಿರುಗಿ, ಕುಡುಕನ ಹಾಗೆ ಅಂಚಿನವರೆಗೆ ಹೋಗಿ ಕೆಳಗೆ ಬೀಳುತ್ತಿತ್ತು. ಪ್ರತಿ ಸಲ ಟೇಬಲ್ ಕೆಳಗೆ ಬಗ್ಗಬೇಕು. ಇದಕ್ಕಿಂತ ಪೆನ್ನೇ ವಾಸಿ ಅನಿಸಿತ್ತು.

ಕಳೆದ ದಸರಾ ರಜೆಯಲ್ಲಿ ಪರಿಚಯದವರೊಬ್ಬರು ಚನ್ನಪಟ್ಟಣದ ಒಬ್ಬ ಕೆಲಸಗಾರರ ಬಗ್ಗೆ ಹೇಳಿದರು. ಹೆಸರು, ನಂಬರು ಇಲ್ಲಿ ಹಾಕುವುದಿಲ್ಲ. ಅವರೇ ಬೇಡ ಅಂದಿದ್ದಾರೆ. ಇರುವ ಆರ್ಡರಿಗೇ ಕೈ ಸಾಲುತ್ತಿಲ್ಲವಂತೆ. ವಿಮರ್ಶೆ ಬರೆದು ಅಂಗಡಿ ಹೆಸರು ಹೇಳದಿದ್ದರೆ ಏನು ಪ್ರಯೋಜನ ಅಂತ ನೀವು ಬೈಯಬಹುದು. ಬೈಯಿರಿ. ಆದರೆ ಅದು ಅಂಗಡಿಯೂ ಅಲ್ಲ. ಮನೆ ಮುಂದಿನ ಹತ್ತು ಅಡಿ ಕೋಣೆ. ಮರವನ್ನು ತಿರುಗಿಸಿ ಕಡೆಯುವ ಒಂದು ಲೇತ್, ಒಂದು ಸ್ಟೂಲು, ಅಟ್ಟದ ತುಂಬ ಮರದ ತುಂಡು. ಎಲ್ಲರೂ ಭಾಯ್ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ.

ಮೈಸೂರಿಂದ ರೈಲಿನಲ್ಲಿ ಹೋದೆವು. ಮದ್ದೂರು ಬಂದಾಗ ವಡೆ ತಿನ್ನದೆ ಇರಲು ಆಗುತ್ತದೆಯೇ? ತಿಂದೆವು. ಅದೇ ಕೈಯಲ್ಲಿ ಭಾಯ್ ಕೋಣೆಗೆ ಹೋಗಿ, ಹಲಗೆ ಮೇಲೆ ಸಾಲಾಗಿ ಇಟ್ಟಿದ್ದ ಬುಗುರಿಗೆ ಕೈ ಹಾಕಿದೆ. ಅವರು ಲೇತ್ ನಿಲ್ಲಿಸಿದರು. "ಅಕ್ಕ, ಕೈ ಎಣ್ಣೆ ಐತೆ" ಅಂದು, ನೆಲದಿಂದ ಒಂದು ಹಿಡಿ ಮರದ ಸಿಪ್ಪೆ ಎತ್ತಿ ಕೊಟ್ಟರು. ಉಜ್ಜಿಕೊಂಡೆ. ಎಣ್ಣೆ ಪೂರ್ತಿ ಹೋಯಿತು. ಕೈಗೆ ಒಂಥರಾ ಹಸಿ ವಾಸನೆ ಬಂತು. ಆ ಸಿಪ್ಪೆಯನ್ನು ಒಂದು ಚೀಲ ತುಂಬಿ ಮನೆಗೂ ತಂದಿದ್ದೇನೆ. ಯಾಕೆ ಅಂತ ಕೇಳಬೇಡಿ. ಬೀರುವಿನಲ್ಲಿದೆ.

ಮರ ಆಲೆ ಮರ. ಹಾಲೆ ಅಂತಲೂ ಅನ್ನುತ್ತಾರೆ. ಎಲೆ ಕಿತ್ತರೆ ಹಾಲು ಬರುತ್ತದೆ. ಒಳಗೆ ಬಿಳಿ, ನುಣುಪು, ಉಳಿಗೆ ಸಲೀಸಾಗಿ ಬಗ್ಗುವ ಮರ. ಆದರೆ ಹಸಿಯಾಗಿದ್ದಾಗ ಕಡೆದರೆ ಮೋಸ ಹೋದಿರಿ. ಮರ ಒಣಗುವಾಗ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ಇವತ್ತು ಗುಂಡಗಿದ್ದದ್ದು ಎರಡು ತಿಂಗಳಿಗೆ ಮೊಟ್ಟೆ ಆಕಾರಕ್ಕೆ ತಿರುಗುತ್ತದೆ. ನನ್ನ 19 ಸೆಕೆಂಡಿನ ಬುಗುರಿಯನ್ನು ತೋರಿಸಿದಾಗ ಭಾಯ್ ಅದನ್ನು ಕಣ್ಣಿಗೆ ಹಿಡಿದು ನೋಡಿ ಇದನ್ನೇ ಹೇಳಿದ್ದು. ಅವರು ಪ್ರತಿ ತುಂಡಿನ ತುದಿಗೂ ಪೆನ್ಸಿಲ್‌ನಲ್ಲಿ ತಾರೀಖು ಬರೆದು ಅಟ್ಟಕ್ಕೆ ಹಾಕುತ್ತಾರೆ. ಮೂರು ತಿಂಗಳು ತುಂಬದ ತುಂಡನ್ನು ಮುಟ್ಟುವುದಿಲ್ಲ. "ನಾಳೆ ಹಬ್ಬ, ಅರ್ಜೆಂಟ್" ಅಂತ ಯಾರೋ ದುಡ್ಡು ಜಾಸ್ತಿ ಕೊಡಲು ಬಂದರೂ ಮುಟ್ಟಲಿಲ್ಲವಂತೆ. ಇದನ್ನು ಹೇಳಿದ್ದು ಅವರ ಹೆಂಡತಿ. ಹೇಳುವಾಗ ಹೆಮ್ಮೆ ಇತ್ತೋ, ಸಿಟ್ಟಿತ್ತೋ ಗೊತ್ತಾಗಲಿಲ್ಲ.

ಬಣ್ಣ ಹಚ್ಚುವುದು ನೋಡಲೇಬೇಕಾದ ಭಾಗ. ಬ್ರಶ್ ಇಲ್ಲ, ಡಬ್ಬಿ ಇಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ ಒತ್ತುತ್ತಾರೆ. ಮಬ್ಬಾಗಿದ್ದ ಬಣ್ಣ ನೋಡನೋಡುತ್ತಲೇ ಗಾಜಿನ ಹಾಗೆ ಹೊಳೆಯುತ್ತದೆ. ಎಲ್ಲ ಸೇರಿ ಒಂದು ನಿಮಿಷ ಇಲ್ಲ. ಆ ಒಂದು ನಿಮಿಷದಲ್ಲಿ ಭಾಯ್ ಯಾರ ಜೊತೆಗೂ ಮಾತಾಡುವುದಿಲ್ಲ. ಫೋನ್ ಬಡಿದುಕೊಳ್ಳುತ್ತಿದ್ದರೂ ಎತ್ತುವುದಿಲ್ಲ. ಕ್ಯೂಆರ್ ಸ್ಟಿಕ್ಕರ್ ಜೊತೆ ಬಂದ, ದುಡ್ಡು ಬಂತು ಅಂತ ಕೂಗುವ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಮೂಲೆಗಿಟ್ಟಿದ್ದಾರೆ. ಒಮ್ಮೆ ಅದು ಕೂಗಿದಾಗ ಕೈ ಅದುರಿ ಒಂದು ಭರಣಿ ಹಾಳಾಯಿತಂತೆ.

ಇನ್ನೊಂದು ವಿಚಿತ್ರ. ಮಧ್ಯಾಹ್ನದ ಮೇಲೆ ಹಳದಿ ಬಣ್ಣದ್ದು ಮಾಡಿಕೊಡಿ ಅಂತ ಕೇಳಬೇಡಿ. ಬೆಳಿಗ್ಗೆ ಹಳದಿ, ಆಮೇಲೆ ಕಿತ್ತಳೆ, ಕೆಂಪು, ಸಂಜೆಗೆ ಹಸಿರು, ನೀಲಿ. ನಾನು ಇದನ್ನು ಏನೋ ನಂಬಿಕೆ ಅಂದುಕೊಂಡಿದ್ದೆ. ಹಾಗೇನಿಲ್ಲ. ಕಡು ಬಣ್ಣದ ಪುಡಿ ಗರಿಗೆ, ಕೈಗೆ, ಲೇತಿಗೆ ಅಂಟಿಕೊಂಡಿರುತ್ತದೆ. ಅದರಲ್ಲೇ ಹಳದಿ ಮಾಡಿದರೆ ಕೊಳೆ ಹಿಡಿದ ಹಾಗೆ ಕಾಣುತ್ತದೆ. ನನ್ನ ಅಮ್ಮ ಬಿಳಿ ಬಟ್ಟೆ ಮೊದಲು ಒಗೆಯುವ ಲೆಕ್ಕವೇ ಇದು.

ಈಗ ಸಾಮಾನಿನ ವಿಷಯ.

ಬುಗುರಿ, 70 ರೂಪಾಯಿ. ಕೆಂಪು, ನಡುವೆ ಎರಡು ಹಳದಿ ಗೆರೆ. ಕೊಡುವ ಮೊದಲು ಭಾಯ್ ಅದನ್ನು ನೆಲದ ಮೇಲೆ ಮೂರು ಸಲ ತಿರುಗಿಸುತ್ತಾರೆ. ಮೂರು ಸಲವೂ ನಿಂತ ಜಾಗದಲ್ಲೇ ತಿರುಗಬೇಕು. ನಾನು ಆರಿಸಿದ ಮೊದಲನೆಯದು ಎರಡನೇ ಸುತ್ತಿನಲ್ಲಿ ಸ್ವಲ್ಪ ಅಲುಗಿತು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. "ತಲೆ ಆಡಿಸ್ತೈತೆ ಅಕ್ಕ. ಇದು ಕೊಡಾಕಾಗಲ್ಲ" ಅಂದು ಒಂದು ಹಳೇ ಎಣ್ಣೆ ಟಿನ್ನಿಗೆ ಹಾಕಿದರು. ಟಿನ್ ಅರ್ಧ ತುಂಬಿತ್ತು. ಅದರಿಂದ ಒಂದು ಇಪ್ಪತ್ತು ರೂಪಾಯಿಗೆ ಕೊಡಿ ಅಂದೆ. ಕೊಡಲಿಲ್ಲ. ಬೀದಿ ಮಕ್ಕಳು ಬಂದರೆ ಪುಕ್ಕಟೆ ಕೊಡುತ್ತಾರೆ, ದುಡ್ಡಿಗೆ ಮಾತ್ರ ಕೊಡುವುದಿಲ್ಲ.

ಮನೆಗೆ ಬಂದು ಹತ್ತು ಸಲ ಸಮಯ ಹಿಡಿದೆ. ಅದೇ ಗಾಜು, ಅದೇ ಬೆರಳು. ಸರಾಸರಿ 52 ಸೆಕೆಂಡು. ಒಂದೇ ಕಡೆ ನಿಂತು ತಿರುಗುತ್ತದೆ. ಮೇಲಿನ ಎರಡು ಗೆರೆ ಅಲುಗದೆ ನಿಂತೇ ಇರುವ ಹಾಗೆ ಕಾಣುತ್ತವೆ, ನಿದ್ದೆ ಹೋದ ಹಾಗೆ. ಒಂಬತ್ತು ತಿಂಗಳಲ್ಲಿ ಎಷ್ಟು ಸಲ ತಿರುಗಿಸಿದ್ದೇನೋ, ಸಾವಿರಾರು ಇರಬೇಕು. ಮುಳ್ಳಿನ ತುದಿಯ ಬಣ್ಣ ಸವೆದು ಬಿಳಿ ಮರ ಕಂಡಿದೆ, ಅಷ್ಟೇ. ಪಕ್ಕದ ಟೇಬಲ್ಲಿನವರು ಈಗ ಫೋನಿನಲ್ಲಿ ಮಾತಾಡುವಾಗ ಅದನ್ನು ಕೇಳಿ ತೆಗೆದುಕೊಂಡು ಹೋಗುತ್ತಾರೆ. ಐದಕ್ಕೆ ಐದು.

ಮಗನಿಗೆ ಬೇಕಿದ್ದದ್ದು ಬೇರೆ. ತಿರುಗುತ್ತಾ ತಿರುಗುತ್ತಾ ಉಲ್ಟಾ ಆಗಿ ಕಡ್ಡಿಯ ಮೇಲೆ ನಿಲ್ಲುತ್ತದಲ್ಲ, ಆ ಬುಗುರಿ. ಅವನ ವಿಜ್ಞಾನದ ಮಿಸ್ಸು ಒಂದು ಫೋಟೊ ತೋರಿಸಿದ್ದರಂತೆ. ನೀಲ್ಸ್ ಬೋರ್ ಮತ್ತು ವೋಲ್ಫ್‌ಗಾಂಗ್ ಪೌಲಿ, ಇಬ್ಬರೂ ನೊಬೆಲ್ ಪಡೆದವರು, ಸೊಂಟ ಬಗ್ಗಿಸಿ ನೆಲದ ಮೇಲಿನ ಇಂಥದೇ ಬುಗುರಿಯನ್ನು ನೋಡುತ್ತಿರುವ ಫೋಟೊ. ಬುಗುರಿ ನೆಲಕ್ಕೆ ತಾಗುವ ಕಡೆಯ ತಿಕ್ಕಾಟವೇ ಅದನ್ನು ಮೇಲಕ್ಕೆ ಎತ್ತಿ ಉಲ್ಟಾ ಮಾಡುತ್ತದಂತೆ. ಭಾಯ್‌ಗೆ ಅದನ್ನೂ ಮಾಡಲು ಬರುತ್ತದೆ, ಆದರೆ ಇಷ್ಟವಿಲ್ಲ. "ನೆಟ್ಟಗೆ ತಿರುಗ್ಲಿ ಅಂತ ಇಷ್ಟು ಕಷ್ಟ ಬೀಳ್ತೀನಿ. ತಲೆ ಕೆಳಗೆ ಮಾಡ್ಕಂಡ್ರೆ ಏನು ಚಂದ?" ಅಂದರು. ಮಗ ಮೂರು ಸಲ ಕೇಳಿದ ಮೇಲೆ ಒಂದು ಮಾಡಿಕೊಟ್ಟರು. ಚೆನ್ನಾಗೇ ಇದೆ.

ಮಿಕ್ಕ ಮೂರು ಸಾಮಾನು ಆರ್ಡರ್ ಕೊಟ್ಟು ಬಂದೆ. ಎಂಟು ದಿನ ಅಂದರು. ಬಂದದ್ದು 23ನೇ ದಿನ. ನಡುವೆ ನಾಲ್ಕು ಸಲ ಫೋನ್ ಮಾಡಿದೆ. ಮೂರು ಸಲ ಎತ್ತಲಿಲ್ಲ. ನಾಲ್ಕನೇ ಸಲ ಅವರ ಮಗಳು ಎತ್ತಿ, "ಅಬ್ಬಾ ಅರಗು ಹಚ್ತಾವ್ರೆ ಆಂಟಿ" ಅಂದಳು. ವಾಟ್ಸಾಪ್, ಫೋಟೊ, ಕೊರಿಯರ್ ಎಲ್ಲ ಅವಳದೇ ಜವಾಬ್ದಾರಿ. ಕಾಲೇಜಿಗೆ ಹೋಗುತ್ತಾಳೆ, ಪರೀಕ್ಷೆ ಇದ್ದರೆ ಪಾರ್ಸೆಲ್ ನಿಲ್ಲುತ್ತದೆ. ಹಬ್ಬಕ್ಕೆ, ಮದುವೆಗೆ ಉಡುಗೊರೆ ಬೇಕಿರುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ. ನಮ್ಮ ತಮ್ಮನ ಮಗುವಿನ ನಾಮಕರಣ ಮುಗಿದು ಹತ್ತು ದಿನಕ್ಕೆ ಗಿಲಕಿ ಬಂತು.

ಆ ಗಿಲಕಿಯ ಬಗ್ಗೆಯೇ ಹೇಳಬೇಕು, ಬೆಲೆ 180. ಒಂದು ಕೋಲು, ಅದರಲ್ಲಿ ಮೂರು ಬಳೆ, ಎರಡೂ ಕಡೆ ಗುಂಡು. ಅಲ್ಲಾಡಿಸಿದರೆ ಬಳೆಗಳು ಒಂದಕ್ಕೊಂದು ತಾಗಿ ಟಳಟಳ ಅನ್ನುತ್ತವೆ. ಬಳೆಗಳನ್ನು ಹೇಗೆ ತೊಡಿಸಿದರು ಅಂತ ಅರ್ಧ ಗಂಟೆ ತಿರುಗಿಸಿ ನೋಡಿದೆ. ಎಲ್ಲೂ ಸೀಳಿಲ್ಲ, ಅಂಟಿಲ್ಲ. ತೊಡಿಸಿಯೇ ಇಲ್ಲ. ಒಂದೇ ಮರದ ತುಂಡಿನಲ್ಲಿ ಕೋಲನ್ನು ಕಡೆಯುತ್ತಾ, ಉಳಿಯನ್ನು ಓರೆಯಾಗಿ ಹಾಕಿ ಬಳೆಯನ್ನು ಅಲ್ಲೇ ಬಿಡಿಸಿದ್ದಾರೆ. ಬಳೆ ಕೋಲಿನ ಮೇಲೇ ಹುಟ್ಟಿದೆ. ಹಾಗಾಗಿ ಕಳಚಿ ಮಗುವಿನ ಬಾಯಿಗೆ ಹೋಗುವ ಭಯವಿಲ್ಲ.

ತಮ್ಮನ ಹೆಂಡತಿ ಮೊದಲು ಕೇಳಿದ್ದು, "ಅಕ್ಕ, ಐಎಸ್‌ಐ ಮಾರ್ಕ್ ಎಲ್ಲಿ?" ನ್ಯಾಯವಾದ ಪ್ರಶ್ನೆ. 2021ರ ಜನವರಿ 1ರಿಂದ ಆಟಿಕೆಗೆ ಆ ಗುರುತು ಕಡ್ಡಾಯ. ಆದರೆ ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ, ಜಿಐ, ಅಂದರೆ ಇಂಥ ಊರಿನದೇ ಅನ್ನುವ ಗುರುತಿನ ನೋಂದಣಿ ಇರುವ ಆಟಿಕೆಗೆ ವಿನಾಯಿತಿ ಇದೆ. ಚನ್ನಪಟ್ಟಣದ ಗೊಂಬೆಗೆ 2005–06ರಲ್ಲೇ ಜಿಐ ಸಿಕ್ಕಿದೆ. ಭಾಯ್ ಹತ್ತಿರ ಜಿಐ ಅಂದರೆ ನಗುತ್ತಾರೆ. "ಟ್ಯಾಗು ಊರಿಗೆ, ಬೆನ್ನು ನೋವು ನಂಗೆ."

ಇಷ್ಟೆಲ್ಲ ಹೇಳಿ ನಾನೇ ಒಂದು ಎಡವಟ್ಟು ಮಾಡಿದೆ. ಮಗುವಿಗೆ ಕೊಡುವ ಮೊದಲು ಶುದ್ಧವಾಗಿರಲಿ ಅಂತ ಹತ್ತಿಗೆ ಸ್ಯಾನಿಟೈಸರ್ ಹಾಕಿ ಗಿಲಕಿ ಒರೆಸಿದೆ. ಹತ್ತಿಯೆಲ್ಲ ಕೆಂಪು! ಗಿಲಕಿ ಅಂಟಂಟು. ಎದೆ ಧಸಕ್ ಅಂತು. ಇದೇನು ಹೋಳಿ ಬಣ್ಣ ಬಳಿದು ಕೊಟ್ಟರಾ ಅಂತ ಸಿಟ್ಟು ಬಂತು. ಫೋಟೊ ತೆಗೆದು ಕಳಿಸಿ, ಕೆಳಗೆ ಸ್ವಲ್ಪ ಖಾರವಾಗಿಯೇ ಬರೆದೆ. ಸಂಜೆ ಭಾಯ್ ತಾವೇ ಫೋನ್ ಮಾಡಿದರು. "ಸ್ಪಿರಿಟ್ ಹಾಕಿದ್ರಾ ಅಕ್ಕ? ಅರಗು ಸ್ಪಿರಿಟ್‌ಗೆ ಕರಗ್ದೆ ಇನ್ನೇನ್ ಮಾಡ್ತದೆ?"

ನನಗೆ ನಾಚಿಕೆ ಆಯಿತು. ನಮ್ಮ ಮನೆಯ ಹಳೇ ಬೀರುವಿಗೆ ಬಡಗಿ ಸ್ಪಿರಿಟ್ ಪಾಲಿಶ್ ಹಾಕುತ್ತಿದ್ದದ್ದು ನೋಡಿದ್ದೇನೆ. ಅದೂ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದೇ. ಸ್ಯಾನಿಟೈಸರಿನಲ್ಲಿ ಇರುವುದೂ ಅಂಥದೇ ಸ್ಪಿರಿಟ್. ಅರಗು ಹುಳು ಬಿಡುವ ಅಂಟು, ನಮ್ಮ ದೇಶದಲ್ಲಿ ಹೆಚ್ಚಾಗಿ ಜಾರ್ಖಂಡ್ ಕಡೆಯಿಂದ ಬರುತ್ತದೆ. ಶುದ್ಧ ಮಾಡಿದ ಅರಗನ್ನು ಮಾತ್ರೆಗಳ, ಮಿಠಾಯಿಗಳ ಮೇಲೆ ಹೊಳಪಿಗೆ ಹಚ್ಚುತ್ತಾರೆ. ಇನ್ನು ಬಣ್ಣ. ಈಗ ಎಲ್ಲರೂ ಗಿಡಮೂಲದ ಬಣ್ಣವನ್ನೇ ಹಾಕುತ್ತಾರೆ ಅಂತಿಲ್ಲ, ಕೇಳಿಯೇ ತೆಗೆದುಕೊಳ್ಳಬೇಕು. ಮಗುವಿನದು ಅಂದರೆ ಭಾಯ್ ಅರಿಸಿನದ ಹಳದಿ, ಕುಂಕುಮದ ಕೆಂಪು, ನೀಲಿ ಗಿಡದ ನೀಲಿ ಇಷ್ಟನ್ನೇ ಬಳಸುತ್ತಾರೆ. ಆ ಗಿಲಕಿಯನ್ನು ವಾಪಸ್ ಕಳಿಸಿದೆ. ಮತ್ತೆ ಲೇತಿಗೆ ಹಾಕಿ ಅರಗು ಹಚ್ಚಿ ಕಳಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ಪಾರ್ಸೆಲ್ ಮೇಲೆ ಮಗಳ ಕೈಬರಹದಲ್ಲಿ "ಒಣ ಬಟ್ಟೆ ಮಾತ್ರ" ಅಂತ ದಪ್ಪಕ್ಷರ.

ಕುಂಕುಮದ ಭರಣಿ, 220 ರೂಪಾಯಿ, ಅಮ್ಮನಿಗೆ. ಇದರ ಪರೀಕ್ಷೆ ನನಗೆ ತುಂಬ ಇಷ್ಟ. ಭಾಯ್ ಮುಚ್ಚಳ ಮಾತ್ರ ಹಿಡಿದು ಭರಣಿಯನ್ನು ಮೇಲೆತ್ತುತ್ತಾರೆ. ಕೆಳಗಿನ ಭಾಗ ತಕ್ಷಣ ಬೀಳಬಾರದು. ಮನಸ್ಸಿನಲ್ಲೇ ಮೂರು ಎಣಿಸುವವರೆಗೆ ತೂಗಾಡಿ, ಆಮೇಲೆ ಮೆಲ್ಲಗೆ ಜಾರಿ ಇನ್ನೊಂದು ಕೈಗೆ ಬರಬೇಕು. ತಿರುಪು ಇಲ್ಲ, ಗಾಳಿಯೇ ಹಿಡಿದುಕೊಳ್ಳುವಷ್ಟು ಸರಿಯಾದ ಅಳತೆ. ಜೂನ್‌ವರೆಗೆ ಅಮ್ಮ ಮನೆಗೆ ಬಂದವರಿಗೆಲ್ಲ ಈ ಆಟ ತೋರಿಸಿದರು. ಮಳೆ ಹಿಡಿಯಿತು ನೋಡಿ, ಮುಚ್ಚಳ ಕೂತುಬಿಟ್ಟಿತು. ಮರ ತೇವಕ್ಕೆ ಊದಿಕೊಂಡಿದೆ. ಒಂದು ಶುಕ್ರವಾರ ಬೆಳಿಗ್ಗೆ ಅಮ್ಮ, ನಾನು ಎರಡೂ ಕಡೆ ಹಿಡಿದು ಎಳೆದೆವು. ಬಂತು. ಕುಂಕುಮ ಗೋಡೆಗೂ ಬಂತು. ಭಾಯ್ ಉಪಾಯ: ಬಿಸಿಲಿಗೆ ಇಡಬೇಡಿ, ಬಿರುಕು ಬಿಡುತ್ತದೆ. ಒಂದು ದಿನ ಫ್ಯಾನ್ ಕೆಳಗಿಟ್ಟು, ಮುಚ್ಚಳದ ಒಳ ಅಂಚಿಗೆ ಮೇಣದಬತ್ತಿ ಉಜ್ಜಿ. ಉಜ್ಜಿದೆವು. ಈಗ ಸಲೀಸು. ಇದನ್ನು ಕೊಡುವಾಗಲೇ ಹೇಳಬಹುದಿತ್ತು ಅಲ್ವಾ? ಅದಕ್ಕೆ ಒಂದು ಅಂಕ ಕಡಿಮೆ, ನಾಲ್ಕು.

ಇನ್ನು ಕೋಸ್ಟರ್, ಲೋಟದ ಕೆಳಗೆ ಇಡುವ ಬಿಲ್ಲೆ. ಆರಕ್ಕೆ 480. ಇದನ್ನು ಕೊಳ್ಳಬೇಡಿ. ನೋಡಲು ಬಹಳ ಚೆಂದ, ಒಂದರೊಳಗೊಂದು ಬಣ್ಣದ ಉಂಗುರ. ಆದರೆ ಅರಗು 75 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ನಮ್ಮ ಮನೆಯ ಫಿಲ್ಟರ್ ಕಾಫಿ ಸ್ಟೀಲ್ ಲೋಟಕ್ಕೆ ಬೀಳುವಾಗ ಹೆಚ್ಚು ಕಡಿಮೆ ಅಷ್ಟೇ ಬಿಸಿ. ಮೊದಲ ದಿನವೇ ಲೋಟ ಎತ್ತಿದರೆ ಕೋಸ್ಟರೂ ಜೊತೆಗೆ ಎದ್ದು ಬಂತು. ಕಿತ್ತಾಗ ಲೋಟದ ತಳದ ಗುರುತು ಬಣ್ಣದಲ್ಲಿ ಅಚ್ಚೊತ್ತಿತ್ತು. ಅರಗಿನ ಮನೆಯಲ್ಲಿ ಪಾಂಡವರು ಕಾಫಿ ಕುಡಿಯುತ್ತಿರಲಿಲ್ಲ ಅನ್ನುವುದೇ ಸಮಾಧಾನ. ಭಾಯ್‌ಗೆ ಕೇಳಿದೆ, ಬಿಸಿ ತಡೆಯಲ್ಲ ಅಂತ ಗೊತ್ತಿದ್ದೂ ಯಾಕೆ ಮಾಡುತ್ತೀರಿ ಅಂತ. ಬೆಂಗಳೂರಿನ ಜನ ಕೇಳುತ್ತಾರೆ, ಅವರು ತಣ್ಣಗಿರುವುದನ್ನು ಕುಡಿಯುತ್ತಾರೆ ಅಂದರು. ನೀರಿನ ಲೋಟಕ್ಕೆ ಪರವಾಗಿಲ್ಲ. ಐದಕ್ಕೆ ಎರಡು, ಆ ಎರಡೂ ಚೆಂದಕ್ಕೆ. ಈಗ ಅವು ನನ್ನ ಗಿಡದ ಕುಂಡಗಳ ಕೆಳಗೂ ಅಲ್ಲ, ಮಗನ ಕ್ಯಾರಂ ಸ್ಟ್ರೈಕರ್ ಜೊತೆ ಡಬ್ಬಿಯಲ್ಲಿವೆ.

ಬೆಲೆಯ ಬಗ್ಗೆ ಒಂದು ಮಾತು. ಹೆದ್ದಾರಿ ಅಂಗಡಿಗಿಂತ ಇವರದು ಸ್ವಲ್ಪ ಜಾಸ್ತಿ. ಚೌಕಾಸಿ ನಡೆಯುವುದಿಲ್ಲ. ನಾನು ಕೇಳಿದಾಗ ಮಾತೇ ಆಡದೆ ಮತ್ತೆ ಲೇತ್ ಹಾಕಿದರು. ಮೊದಲು ಇವರೂ ಅಂಗಡಿಗಳಿಗೆ ಡಜನ್ ಲೆಕ್ಕದಲ್ಲಿ ಕೊಡುತ್ತಿದ್ದರು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬೈಪಾಸ್ ಊರನ್ನು ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಹಳೇ ರಸ್ತೆಯಲ್ಲಿ ಕಾರು ನಿಲ್ಲಿಸಿ ಮಕ್ಕಳಿಗೆ ಕುದುರೆ ಕೊಳ್ಳುತ್ತಿದ್ದವರು ಕಡಿಮೆಯಾದರು. ಅಂಗಡಿಯವರು ಆರ್ಡರ್ ಕಡಿಮೆ ಮಾಡಿದರು. ಆಗ ಮಗಳು ಫೋನ್ ಹಿಡಿದಳು. ಡಜನ್ ಲೆಕ್ಕದಲ್ಲಿದ್ದಾಗ ಟಿನ್ನಿಗೆ ಹಾಕುವುದಕ್ಕೂ ಪುರುಸೊತ್ತು ಇರಲಿಲ್ಲ ಅಂತ ಭಾಯ್ ಹೇಳಿದರು. ಈಗ ಸಂಪಾದನೆ ಹೆಚ್ಚಾಗಿದೆಯಾ ಅಂದೆ. ಇಲ್ಲ, ಟಿನ್ನು ತುಂಬ್ತೈತೆ ಅಷ್ಟೆ ಅಂದರು.

ನಿಮಗೆ ಇಂಥ ಕೆಲಸ ಬೇಕಿದ್ದರೆ ರೈಲಿನಲ್ಲಿ ಹೋಗಿ. ರಸ್ತೆ ಬದಿಯ ಸಾಲು ಅಂಗಡಿಯಲ್ಲೇ ನಿಲ್ಲಬೇಡಿ, ಅಲ್ಲಿ ಪ್ಲಾಸ್ಟಿಕ್ಕೂ ಬೆರೆತಿರುತ್ತದೆ. ಊರೊಳಗೆ ನಡೆಯಿರಿ. ಲೇತಿನ ಸದ್ದು ಕೇಳಿಸುವ ಗಲ್ಲಿ ಬೇಕಾದಷ್ಟಿವೆ. ಬುಗುರಿಯನ್ನು ನೆಲದಲ್ಲಿ ತಿರುಗಿಸಿ ನೋಡಿ, ಭರಣಿಯನ್ನು ಮುಚ್ಚಳ ಹಿಡಿದು ಎತ್ತಿ ನೋಡಿ. ಮಾರುವವರು ಬೇಡ ಅಂದರೆ ಮುಂದಿನ ಮನೆಗೆ ಹೋಗಿ. ವಡೆ ತಿಂದ ಕೈ ತೊಳೆದಿರಲಿ.

ಪಕ್ಕದ ಟೇಬಲ್ಲಿನವರಿಗಾಗಿ ಇನ್ನೊಂದು ಬುಗುರಿ ಹೇಳಿದ್ದೇನೆ, ಹಸಿರು ಬಣ್ಣದ್ದು. ಎಂಟು ದಿನ ಅಂದಿದ್ದರು, ಇವತ್ತಿಗೆ ಹದಿನೇಳು. ನಿನ್ನೆ ಸಂಜೆ ಫೋನ್ ಮಾಡಿದೆ. ಎತ್ತಲಿಲ್ಲ. ಸಂಜೆ ಹಸಿರಿನ ಹೊತ್ತು, ನನ್ನದೇ ಆಗಿರಬಹುದು ಅಂದುಕೊಂಡು ಮತ್ತೆ ಮಾಡಲಿಲ್ಲ.